ಅಂಗೈ ಹಿಡಿದು ಬಲ್ಬ್ ಆರಿಸುತ್ತಿದ್ದವರು

ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಮನುಷ್ಯರನ್ನಲ್ಲ, ಮೇಲೆ ಉರಿಯುತ್ತಿದ್ದ ಬಲ್ಬನ್ನು. ಚಪ್ಪಲಿ ಬಿಡುತ್ತಿರುವಾಗಲೇ ಕತ್ತು ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ಕಣ್ಣು ಗೋಡೆಯ ಮೇಲೆ ಸ್ವಿಚ್ಚು ಹುಡುಕುತ್ತಿತ್ತು. ಒಮ್ಮೆ ಆರಿಸಿ, ಮತ್ತೆ ಹಚ್ಚಿ, ಬೆಳಕಿನ ಕೆಳಗೆ ತಮ್ಮ ಬಲಗೈಯ ಅಂಗೈ ಚಾಚಿ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. "ಆರಾಮ ಇದ್ದೀರೇನ್ರಿ" ಎಂಬ ಮಾತು ಇಷ್ಟೆಲ್ಲ ಆದ ಮೇಲೆ.

ಅವರು ಹೋಗಿ ಇವತ್ತಿಗೆ ಹದಿನೇಳು ದಿನ. ಅವತ್ತಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಗಣಿತದ ಟ್ಯೂಷನ್ನಿಗೆ ಬರುವ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆನೆಂಬುದು ಮರೆತು ವಾಪಸ್ಸು ಬರುತ್ತೇನೆ. ಬರೆದರೆ ಹಗುರಾದೀತು ಎಂದುಕೊಂಡೆ. ಬರೆಯಲು ಕೂತು ಎದ್ದದ್ದು ಇದು ಮೂರನೇ ಸಲ.

ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಬಿಟ್ಟು ಅವರ ಮನೆ. ನಾವೆಲ್ಲ ಅವರನ್ನು ನರ್ಸ್‌ಬಾಯಿ ಎನ್ನುತ್ತಿದ್ದೆವು. ಸರ್ಕಾರಿ ನರ್ಸಾಗಿ ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಬಹಳ ವರ್ಷ ತಿರುಗಿ, ಕೊನೆಗೆ ಕಲಬುರಗಿಗೆ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದವರು. ಕಮಲಾಪುರವೇ ಅವರ ಹುಟ್ಟೂರು. ತೆಳ್ಳಗೆ, ಎತ್ತರಕ್ಕೆ, ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಸದಾ ಅಲುಗಾಡುತ್ತಿದ್ದ ಜೀವ. ಕೊಟ್ಟ ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಮಾತಿನ ನಡುವೆ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು. ಅವರ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು, ಮಾತು ಕಡಿಮೆ. ಒಮ್ಮೆ ನನ್ನೆದುರಿಗೇ ಹೇಳಿದ್ದರು: "ಆಯುಷ್ಯ ಎಲ್ಲಾ ಮಂದಿಗಿ ಸೀಟ್ ತೋರಿಸಿ ಕೂಡ್ಸೀನವ್ವಾ. ಈಕಿನ್ನ ಒಂದ್ ಕಡಿ ಕೂಡ್ಸಾಕ ಆಗಿಲ್ಲ ನೋಡು."

ಬಲ್ಬಿನ ವಿಷಯದಲ್ಲಿ ಇಡೀ ಓಣಿಗೆ ಅವರೇ ಗತಿ. ಯಾರ ಮನೆಯಲ್ಲಿ ಬಲ್ಬ್ ಹೋದರೂ, ಯಾರು ಹೊಸ ಮನೆ ಕಟ್ಟಿಸಿದರೂ ಅವರನ್ನು ಕರೆಯುತ್ತಿದ್ದರು. ಕರೆಯದಿದ್ದರೂ ಅವರು ಹೋಗುತ್ತಿದ್ದರು. ಶಹಾಬಜಾರದ ಇಕ್ಕಟ್ಟು ಗಲ್ಲಿಯೊಂದರಲ್ಲಿ ಅವರು ಕಾಯಂ ಹೋಗುತ್ತಿದ್ದ ಸಣ್ಣ ಅಂಗಡಿಯೊಂದಿತ್ತು. ಹೊಸ ಮನೆಗೆ ಬಲ್ಬ್ ಕೊಳ್ಳಲು ನನ್ನನ್ನೂ ಅಲ್ಲಿಗೆ ಕರೆದೊಯ್ದಿದ್ದರು. ಒಂದೊಂದೇ ಬಲ್ಬನ್ನು ಹೋಲ್ಡರಿಗೆ ಹಾಕಿಸಿ ಅಂಗೈ ಹಿಡಿದು ನೋಡುವುದು, ತಲೆಯಾಡಿಸುವುದು, "ಮುಂದಿಂದು ಹಾಕು" ಎನ್ನುವುದು. ಅಂಗಡಿಯ ಸಾಹೇಬರು ಸೋತು ಕೇಳಿದರು: "ಬಾಯಾರ, ನೀವು ಬಲ್ಬ್ ತಗೋಳಾಕ ಬಂದೀರೋ, ರಿಶ್ತಾ ನೋಡಾಕ ಬಂದೀರೋ?"

"ರಿಶ್ತಾನೇ ಅದು. ನಾಲ್ಕಾರು ವರ್ಷ ಮನಿಯಾಗ ಇರಾಂವ."

ನಾನು ಡಬ್ಬಿಯ ಮೇಲೆ ಎಷ್ಟು ವ್ಯಾಟ್ ಎಂದು ನೋಡುತ್ತಿದ್ದೆ. ಡಬ್ಬಿ ಕಸಿದುಕೊಂಡರು. "ವ್ಯಾಟ್ ಅಂದ್ರ ಅದು ತಿನ್ನೂದು, ಲ್ಯೂಮೆನ್ ಅಂದ್ರ ಅದು ಕೊಡೂದು. ಎಷ್ಟು ಉಣ್ತಾನ ಅಂತ ಕೇಳಿ ಯಾರರೆ ಅಳಿಯನ್ನ ಮಾಡ್ಕೋತಾರೇನು ತಂಗಿ? ಇಲ್ಲಿ ನೋಡು, ಈ ಕೆ ಅನ್ನೂ ಅಕ್ಷರದ ಹಿಂದಿನ ನಂಬರು. ಮೂರು ಸಾವಿರ ಇದ್ರ ಹಳದಿ, ಆರೂವರೆ ಸಾವಿರ ಇದ್ರ ಬೆಳ್ಳಗ, ನಾಲ್ಕು ಸಾವಿರ ನಡುವಿಂದು."

"ಯಾವುದು ಛಲೋ?"

"ಅದು ಬಲ್ಬಿಗಿ ಕೇಳೂ ಮಾತಲ್ಲ. ಅದರ ಕೆಳಗ ಕೂತು ಏನ್ ಮಾಡ್ತಿ, ಅದನ್ನ ಹೇಳು ಮೊದಲು."

ಹೇಳಿದೆ. ಮಕ್ಕಳು ಬರೆಯುವ ಕೋಣೆಗೆ ನಡುವಿನದು, ಅಡುಗೆಮನೆಗೆ ಬಿಳಿ, ಮಲಗುವ ಕೋಣೆಗೆ ಹಳದಿ ಎಂದು ಆರಿಸಿದರು. ಮೆಟ್ಟಿಲಿಗೆ ಬೆಳಕು ಹೆಚ್ಚು ಬೇಕು, ಆದರೆ ಇಳಿಯುವವರ ಕಣ್ಣಿಗೆ ಬಲ್ಬು ನೇರ ಹೊಡೆಯಬಾರದು ಎಂದರು. ನಾನು ಆಸೆಪಟ್ಟು ತೆಗೆದಿಟ್ಟಿದ್ದ ಗಾಜಿನ ಗುಂಡು ಬುಡ್ಡಿಯನ್ನು ಸಾಹೇಬರಿಗೇ ವಾಪಸ್ಸು ಕೊಟ್ಟರು: "ಇದರಾಗ ಇಟ್ರ ಬಲ್ಬ್ ಕಾದು ಲಗೂನ ಸಾಯ್ತದ. ಅದಕ್ಕೂ ಗಾಳಿ ಬೇಕು." ಬಣ್ಣವನ್ನು ಎಷ್ಟು ಖರೇ ತೋರಿಸುತ್ತದೆ ಎಂಬುದಕ್ಕೂ ಒಂದು ನಂಬರಿದೆಯಂತೆ, ನೂರಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದಂತೆ. ಬಹಳ ಡಬ್ಬಿಗಳ ಮೇಲೆ ಅದನ್ನು ಬರೆದೇ ಇರುವುದಿಲ್ಲ. "ಅದಕ್ಕೇ ಅಂಗೈ ಹಿಡಿಯೂದು. ನನ್ನ ಅಂಗೈ ನನಗ ಹಗಲಿನಾಗ ಹ್ಯಾಂಗ ಕಾಣ್ತದ ಗೊತ್ತದ. ಇದರ ಕೆಳಗೂ ಹಂಗೇ ಕಾಣಬೇಕು."

ನರ್ಸಾಗಿದ್ದವರಿಗೆ ಬಲ್ಬಿನ ಹುಚ್ಚು ಯಾಕೆ ಎಂದು ನನಗೆ ಆಗ ತೋಚಲೂ ಇಲ್ಲ. ಕೆಲವರಿಗೆ ಉಪ್ಪಿನಕಾಯಿಯ ಹುಚ್ಚು, ಕೆಲವರಿಗೆ ಗಿಡದ ಹುಚ್ಚು, ಹಾಗೆಯೇ ಇದೂ ಎಂದುಕೊಂಡಿದ್ದೆ.

ಅವರ ಸ್ವಂತ ಮನೆಯಲ್ಲಿ ಎಲ್ಲ ಕಡೆ ಹಗಲಿನಂಥ ಬೆಳಕು. ಪಡಸಾಲೆಯ ಮೂಲೆಯಲ್ಲಿ ಬುದ್ಧನ ಫೋಟೋದ ಮುಂದೆ ಮಾತ್ರ ಬೆರಳ ಗಾತ್ರದ ಹಳದಿ ಬಲ್ಬು. ಇದೊಂದು ಯಾಕೆ ಹೀಗೆ ಎಂದು ಕೇಳಿದ್ದೆ. "ಅಲ್ಲಿ ಹಳದೀನೇ ಇರಲಿ. ಅಲ್ಲಿ ನಾ ಯಾರ್ನೂ ತಪಾಸ ಮಾಡಂಗಿಲ್ಲ" ಎಂದಿದ್ದರು.

ನನ್ನ ಮಗಳು ಹುಟ್ಟಿದ್ದು ಎಂಟು ವರ್ಷದ ಹಿಂದೆ. ಬಾಣಂತನಕ್ಕೆ ಶಹಾಬಜಾರದ ತವರುಮನೆಗೆ ಹೋಗಿದ್ದೆ. ಹಳೆಯ ಕಲ್ಲಿನ ಮನೆ, ಬಾಣಂತಿ ಕೋಣೆ ಒಳಗೆ, ಅದಕ್ಕೆ ಕಿಟಕಿ ಇಲ್ಲ. ಬಿಳಿ ಬೆಳಕು ಕೂಸಿನ ಕಣ್ಣಿಗೆ ಚುಚ್ಚುತ್ತದೆಂದು ಅವ್ವ ಇದ್ದ ಟ್ಯೂಬ್‌ಲೈಟ್ ಆರಿಸಿ ಹೊಸ ಹಳದಿ ಬಲ್ಬ್ ಹಾಕಿಸಿದ್ದಳು. ಅದರ ಕೆಳಗೆ ಕೂಸು ಬಂಗಾರದ ಹಾಗೆ ಕಾಣುತ್ತಿತ್ತು. ನೋಡಲು ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು. ಮೂರು ದಿನಕ್ಕೆ ಆಸ್ಪತ್ರೆಯಿಂದ ಬಂದಿದ್ದೆವು. ನಾಲ್ಕನೇ ದಿನ ಮಧ್ಯಾಹ್ನ ನರ್ಸ್‌ಬಾಯಿ ಬಂದರು.

ಪಡಸಾಲೆಯಲ್ಲಿ ಅವ್ವ ಅವರನ್ನು ತಡೆದದ್ದು ನನಗೆ ಒಳಗೆ ಕೇಳಿಸಿತು. "ಇನ್ನಾ ಐದು ದಿನ ಆಗಿಲ್ರಿ ಬಾಯಾರ. ಹೊರಗಿನವ್ರು ಒಳಗ ಬರೂ ಹಂಗಿಲ್ಲ."

ಅವತ್ತೇ ಬೆಳಿಗ್ಗೆ ಎದುರು ಮನೆಯ ಕಾಕು ಒಳಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು ಹೋಗಿದ್ದಳು. ಆಕೆ ನಮ್ಮವಳು. ನರ್ಸ್‌ಬಾಯಿ ನಮ್ಮವರಲ್ಲ. ಅವ್ವನ ಮಾತಿನ ಅರ್ಥ ಅಷ್ಟೇ. ಅದು ನನಗೂ ತಿಳಿಯಿತು, ಅವರಿಗೂ ತಿಳಿಯಿತು. ನಾನು ಮಂಚದ ಮೇಲಿದ್ದೆ. "ಬರ್ಲಿ ಬಿಡವ್ವಾ" ಎಂದು ಒಂದು ಮಾತು ಹೇಳಬಹುದಿತ್ತು. ಬಾಯಿ ಬಿಡಲಿಲ್ಲ.

ಅವರು ವಾಪಸ್ಸು ಹೋಗಲಿಲ್ಲ. ಕೋಣೆಯ ಹೊಸ್ತಿಲ ಆಚೆಗೇ ನಿಂತು ಮೇಲೆ ನೋಡಿದರು. ಕೂಸನ್ನು ನೋಡಿದರು. ಮತ್ತೆ ಬಲ್ಬನ್ನು ನೋಡಿದರು.

"ಹಾಲು ಛಂದಾಗಿ ಕುಡಿತದೇನು?"

"ಇಲ್ರಿ. ಬರೇ ಮಲಗೇ ಇರ್ತದ. ಎಬ್ಬಿಸಿದ್ರೂ ಏಳವಲ್ದು" ಎಂದೆ.

"ಒಂದ್ ಮಿನಿಟ್ ಅಂಗಳದ ಬೆಳಕಿಗಿ ತರ್ರಿ."

"ಐದು ದಿನಕ್ಕ ಮುಂಚೆ ಕೂಸಿನ್ನ ಗಾಳಿಗಿ ತರ್ತಾರೇನ್ರಿ?" ಅವ್ವನ ದನಿ ಗಟ್ಟಿಯಾಯಿತು.

ಅವರು ಸರ್ರನೆ ಹೊರಗೆ ಹೋದರು. ಸಿಟ್ಟಿನಿಂದ ಹೋದರೆಂದು ನಾವು ತಿಳಿದೆವು. ಹತ್ತು ನಿಮಿಷಕ್ಕೆ ಬಂದರು, ಕೈಯಲ್ಲಿ ಬಿಳಿ ಬಲ್ಬಿನ ಡಬ್ಬಿ. ಊಟಕ್ಕೆ ಕೂತಿದ್ದ ನನ್ನ ಗಂಡನ ಕೈಗೆ ಅದನ್ನಿಟ್ಟು ಹೇಳಿದರು: "ನಾ ಒಳಗ ಹೋಗಂಗಿಲ್ಲಪ್ಪ, ಕೂಸಿನ್ನ ಮುಟ್ಟಂಗಿಲ್ಲ. ನೀ ಇದೊಂದು ಬದಲ್ ಮಾಡು, ಸಾಕು."

ನನ್ನ ಗಂಡ ಸ್ಟೂಲ್ ಹತ್ತಿ ಬಲ್ಬ್ ಬದಲಿಸಿದರು. ನರ್ಸ್‌ಬಾಯಿ ಹೊಸ್ತಿಲಾಚೆಯಿಂದಲೇ ನನಗೆ ಹೇಳಿದರು, "ತಂಗಿ, ಕೂಸಿನ ಹಣಿ ಮ್ಯಾಲ ಬೆರಳಿಟ್ಟು ಹಗೂರ ಒತ್ತಿ ಬಿಡು. ಒತ್ತಿದ ಜಾಗ ಯಾವ ಬಣ್ಣ ಕಾಣ್ತದ?"

ಹಳದಿ. ಎದೆಯ ಮೇಲೆ ಒತ್ತಿಸಿದರು. ಅಲ್ಲೂ ಹಳದಿ. ಹೊಟ್ಟೆ, ತೊಡೆ, ಮೊಣಕಾಲ ಕೆಳಗೆ. ಪಾದದ ಅಡಿಯೂ ಅರಿಶಿನ ಸವರಿದ ಹಾಗಿತ್ತು. ಒಂದು ಗಳಿಗೆಯ ಹಿಂದೆ ನಾವೆಲ್ಲ ಬಂಗಾರ ಎನ್ನುತ್ತಿದ್ದ ಕೂಸು.

"ಕಾಮಾಲಿ. ಭಾಳ ಏರ್ಯಾದ. ಈಗಿಂದೀಗ ಮಕ್ಕಳ ಡಾಕ್ಟರ ಕಡಿ ಹೊಂಡ್ರಿ. ನಾಳಿ ಬ್ಯಾಡ."

ಅವ್ವ ಪಾಪ, ಆ ಗಾಬರಿಯಲ್ಲಿ ಕೇಳಿದಳು: "ಟ್ಯೂಬ್‌ಲೈಟ್ ಕೆಳಗ ಮಲಗಿಸಿದ್ರ ಇಳೀತದಂತ ಅಂತಾರಲ್ರಿ?"

"ಇಲ್ರಿ. ಮನಿ ಬಲ್ಬ್ ರೋಗ ತೋರಸ್ತದ, ಇಳಸಂಗಿಲ್ಲ. ಇಳಿಸೋ ಬೆಳಕ ಬ್ಯಾರೆ, ದವಾಖಾನ್ಯಾಗೇ ಇರ್ತದ. ಹೊಂಡ್ರಿ."

ಮಗಳು ಎರಡು ಹಗಲು ಎರಡು ರಾತ್ರಿ ಆಸ್ಪತ್ರೆಯ ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರು ಡಾಕ್ಟರು. ಆ ಎರಡೂ ದಿನ ನರ್ಸ್‌ಬಾಯಿ ಆಸ್ಪತ್ರೆಯ ವರಾಂಡದಲ್ಲಿ ಅತ್ತಿಂದಿತ್ತ ನಡೆದಾಡುತ್ತಲೇ ಇದ್ದರು. ಬೆಂಚು ಖಾಲಿ ಇತ್ತು, ಕೂರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಅವ್ವ ತಾನೇ ಹೋಗಿ ಕರೆದು ಬಂದಳು. ಅವರು ಬಂದರು, ಮತ್ತೆ ಅದೇ ಹೊಸ್ತಿಲ ಆಚೆ ನಿಂತರು. ಅವ್ವ "ಒಳಗ ಬರ್ರಿ" ಎಂದರೆ, "ಇರಲಿ ಬಿಡ್ರಿ. ಈಗ ಒಳಗ ಬೆಳಕ ಛಲೋ ಅದ, ಇಲ್ಲಿಂದೇ ಕಾಣ್ತದ" ಎಂದರು. ನಗುತ್ತಲೇ ಹೇಳಿದರು. ಅವ್ವ ಕೈ ಹಿಡಿದು ಒಳಗೆ ಕರೆತಂದು ಕೂಸನ್ನು ಅವರ ಮಡಿಲಿಗೆ ಹಾಕಿದಳು. ಆದರೂ ಆ ಮಾತು ನನ್ನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಗೇಟಿನವರೆಗೆ ಹೋಗಿದ್ದೇನೆ. ಹೋಗಿ, ಸಕ್ಕರೆಯನ್ನೋ ಮೊಸರನ್ನೋ ಕೇಳಿ ಬಂದಿದ್ದೇನೆ.

ತಿಂಗಳಿಗೊಂದು ಭಾನುವಾರ ಅವರು ಕಮಲಾಪುರದ ಬಸ್ ಹತ್ತುತ್ತಿದ್ದರು. ಅಲ್ಲಿ ಯಾರೋ ಬಳಗದವರು ಇರಬೇಕೆಂದು ತಿಳಿದಿದ್ದೆ. ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಭಾನುವಾರ "ನೀನೂ ಬಾ ತಂಗಿ, ಎದ್ಯಾಗ ಯಾಕೋ ಹಿಡದಂಗ ಆಗ್ತದ, ಜೋಡಿ ಯಾರರೆ ಇರ್ಲಿ" ಎಂದರು. ಹೋದೆ.

ಬಸ್ ನಿಲ್ದಾಣದ ಹೊರಗೆ ಕೆಂಪು ಬಾಳೆಹಣ್ಣಿನ ಗಾಡಿ ಇಟ್ಟುಕೊಂಡ ಒಬ್ಬ ಮುದುಕಿ ಇವರನ್ನು ಕಂಡು ಗಾಡಿಗೆ ಗೋಣಿತಟ್ಟು ಮುಚ್ಚಿ ಎದ್ದಳು. ಅವಳ ಮನೆ ಹತ್ತಿರದ ಓಣಿಯಲ್ಲೇ. ಒಳಗೆ ಅವಳ ಮಗಳು, ನಲವತ್ತು ದಾಟಿದವಳು, ಹಣ್ಣು ವಿಂಗಡಿಸುತ್ತ ಕೂತಿದ್ದಳು. ಕಿವಿ ಕೇಳುವುದಿಲ್ಲ, ಮಾತು ಬಂದಿಲ್ಲ. ಕೈಗಳು ಹೇಳಿದ ಕಡೆ ಒಂದೇ ಸಲಕ್ಕೆ ಹೋಗುವುದಿಲ್ಲ, ಸ್ವಲ್ಪ ತಿರುಚಿಕೊಂಡು, ತಡವರಿಸಿ ಹೋಗುತ್ತವೆ. ನರ್ಸ್‌ಬಾಯಿಯನ್ನು ಕಂಡದ್ದೇ ಅವಳ ಮುಖ ಅರಳಿತು. ಇಬ್ಬರೂ ಕೈಸನ್ನೆಯಲ್ಲಿ ಏನೇನೋ ಮಾತಾಡಿಕೊಂಡರು, ನಕ್ಕರು.

ಆ ಮನೆಯ ಬೆಳಕು ನೋಡಿ ನನಗೆ ಆಶ್ಚರ್ಯವಾಯಿತು. ತಗಡಿನ ಮನೆ, ಆದರೆ ಎಲ್ಲಿ ಕೂತರೂ ಎದುರಿನವರ ಮುಖದ ಮೇಲೆ ಬೆಳಕು ಬೀಳುವ ಹಾಗೆ ಬಲ್ಬುಗಳಿದ್ದವು. ಹೊರಗಿನ ಗುಂಡಿ ಒತ್ತಿದರೆ ಒಳಗೆ ಒಂದು ಬಲ್ಬು ಹತ್ತಿ ಆರುತ್ತಿತ್ತು. ನರ್ಸ್‌ಬಾಯಿ ಹೇಳಿದರು: "ಕೇಳದವ್ರಿಗಿ ಮಂದಿ ತುಟಿ, ಕೈ, ಮುಖ ಕಾಣಬೇಕು. ಬೆಳಕು ಮಾತಾಡವರ ಬೆನ್ನ ಹಿಂದ ಇದ್ರ ಆಕಿಗಿ ಬರೇ ಕಪ್ಪ ನೆರಳ ಕಾಣ್ತದ. ಮಾತು ಹೋತು ಅಂತನೇ ಲೆಕ್ಕ."

ಮುದುಕಿ ನನಗೆ ಹಣ್ಣು ಸುಲಿದು ಕೊಟ್ಟು ತಾನಾಗಿಯೇ ಹೇಳಿದಳು. "ನಂದೇ ತಪ್ಪವ್ವ. ಈಕಿ ಹೊಟ್ಟ್ಯಾಗಿದ್ದಾಗ ಗ್ರಹಣ ಹಿಡದಿತ್ತು. ಅತ್ತಿ ಬ್ಯಾಡಂದ್ರೂ ನೀರಿಗಂತ ಹೊರಗ ಬಂದೆ. ಅದರ ಫಲ ನನ್ನ ಮಗಳು ಉಣ್ಣಾಕತ್ಯಾಳ." ನರ್ಸ್‌ಬಾಯಿ ತಟ್ಟನೆ ಎದ್ದು ಹೊರಗೆ ಹೋಗಿ ನಿಂತರು.

ವಾಪಸ್ಸು ಬರುವ ಬಸ್ಸಿಗೆ ಕಾಯುತ್ತಿದ್ದಾಗ ನನಗೆ ಹೇಳಿದರು. ನಿಲ್ದಾಣದ ಕಂಬವೊಂದನ್ನು ಹಿಡಿದು, ಬಿಟ್ಟು, ನಾಲ್ಕು ಹೆಜ್ಜೆ ಹೋಗಿ, ಬಂದು, ಮತ್ತೆ ಹಿಡಿದು. ಕೆಲಸಕ್ಕೆ ಸೇರಿ ಎರಡನೇ ವರ್ಷವಂತೆ. ವಯಸ್ಸು ಇಪ್ಪತ್ತಮೂರು. ಆ ದಿನ ಹನ್ನೊಂದು ಮನೆ ತಿರುಗಿ ಹೊತ್ತು ಮುಳುಗಿದ ಮೇಲೆ ಈ ಮನೆಗೆ ಬಂದಿದ್ದರು. ಕೂಸಿಗೆ ನಾಲ್ಕನೇ ದಿನ. ಹಾಲು ಕುಡಿಯುತ್ತಿಲ್ಲ, ಬರೀ ಮಲಗಿರುತ್ತದೆ ಎಂದಿದ್ದಳು ತಾಯಿ.

"ಕಮ್ಮಿ ಕರೆಂಟಿನಾಗ ಹಳದಿ ಬಲ್ಬ್ ಮಿಣಿಮಿಣಿ ಅಂತಿತ್ತು. ಅದರ ಕೆಳಗ ಎಲ್ಲಾರೂ ಹಳದೀನೇ. ಆಕಿನೂ ಹಳದಿ, ನಾನೂ ಹಳದಿ, ಗ್ವಾಡಿನೂ ಹಳದಿ. ಕೂಸು ಛಲೋ ಅದ ಅಂತ ಬರದು ಕಡೀ ಬಸ್ಸಿಗಿ ಓಡಿದೆ. ಮುಂಜಾನಿ ಮತ್ತ ಬಂದು ನೋಡ್ತೀನಿ ಅಂದಿದ್ರ ಆಗ್ತಿತ್ತು ತಂಗಿ. ಅನ್ಲಿಲ್ಲ. ಎಂಟು ದಿನಕ್ಕ ಬಂದೆ. ಕೂಸು ಬಿಲ್ಲಿನಂಗ ಬೆನ್ನ ಬಗ್ಗಿಸಿ ಅಳಾಕತ್ತಿತ್ತು. ಕಾಮಾಲಿ ತಲಿಗಿ ಏರಿತ್ತು."

"ಅವರಿಗೆ ಗೊತ್ತೇನ್ರಿ?"

"ಇಲ್ಲ. ಗ್ರಹಣ ಅಂತಾಳ. ಕೇಳಿದ್ಯಲ್ಲ." ಮತ್ತೆ ನಾಲ್ಕು ಹೆಜ್ಜೆ ಹೋಗಿ ಬಂದರು. "ಎಷ್ಟೋ ವರ್ಷ ಆತು, ಬಾಯಿತನಾ ಬರ್ತದ, ಹೊಳ್ಳಿ ಹೋಗ್ತದ. ನೀ ಲೆಕ್ಕ ಕಲಸಾಕಿ. ಹೇಳು. ಹೇಳಬೇಕೋ, ಬ್ಯಾಡೋ?"

ನಾನು ಬೇಗನೆ ಹೇಳಿಬಿಟ್ಟೆ. "ಬ್ಯಾಡ್ರಿ. ಇಷ್ಟ ವರ್ಷ ಆದ ಮ್ಯಾಲ ಯಾಕ? ಅವರಿಗೂ ಸಂಕಟ, ನಿಮಗೂ ಸಂಕಟ."

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಬಸ್ ಬಂತು. ಕಲಬುರಗಿಯಲ್ಲಿ ನಾವು ಇಳಿಯುವ ಸ್ಟಾಪಿಗೆ ಮುಂಚೆ, ಶರಣಬಸವೇಶ್ವರ ಗುಡಿಯ ಹತ್ತಿರವೇ ಇಳಿದು, "ನೀ ಹೋಗು, ನಾ ನಡಕೊಂಡ್ ಬರ್ತೀನಿ" ಎಂದರು.

ಅದಾದ ಮೇಲೆ ಅವರು ನನ್ನನ್ನು ಕಮಲಾಪುರಕ್ಕೆ ಕರೆಯಲಿಲ್ಲ. ನಾನೂ ಕೇಳಲಿಲ್ಲ. ಹದಿನೇಳು ದಿನದ ಹಿಂದೆ ಬೆಳಿಗ್ಗೆ ಅವರ ಯಜಮಾನರು ನಮ್ಮ ಗೇಟಿನಲ್ಲಿ ನಿಂತಿದ್ದರು. "ಚಹಾ ತಂದು ಕೊಟ್ಟೆ. ಕುರ್ಚ್ಯಾಗೇ ಇದ್ದಳು" ಎಂದಷ್ಟೇ ಹೇಳಿದರು. ಹೃದಯ ನಿಂತಿತ್ತು.

ಮೊನ್ನೆ ಭಾನುವಾರ ಒಬ್ಬಳೇ ಕಮಲಾಪುರಕ್ಕೆ ಹೋದೆ. ಆ ತಾಯಿ ಮಗಳಿಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ, ಭಾನುವಾರ ದಾರಿ ಕಾಯುತ್ತ ಕೂತಾರು ಎಂದುಕೊಂಡಿದ್ದೆ. ಸುದ್ದಿ ಮುಟ್ಟಿತ್ತು. ಯಜಮಾನರು ಬಂದು ಹೇಳಿ ಹೋಗಿದ್ದರು. ಮುದುಕಿ ನನ್ನನ್ನು ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ ಕೇಳಿದಳು, "ನಿನಗೂ ಹೇಳಿದ್ರೇನವ್ವ, ಆ ಬಲ್ಬಿಂದು?"

"ನಿಮಗೆ ಹೇಳಿದ್ರಾ?"

"ದೀಪಾವಳಿ ಆದ ಮ್ಯಾಲ. ನಾ ಬೈದೆ. ಬಾಯಿಗಿ ಬಂದದ್ದೆಲ್ಲಾ ಬೈದೆ. ನಲವತ್ತು ವರ್ಷ ನನ್ನ ಹಣಿ ನಾನೇ ಜಜ್ಜಿಕೊಂಡೀನಿ, ನೋಡ್ಕೋತ ಕೂತಿದ್ದಿ ಅಂದೆ. ನನ್ನ ಮನಿ ಅನ್ನ ಹ್ಯಾಂಗ ಇಳೀತು ನಿನಗ ಅಂದೆ. ಮುಂದಿನ ತಿಂಗಳ ಮತ್ತ ಬಂದ್ರು, ಮಾತಾಡಿಸ್ಲಿಲ್ಲ ನಾ. ಅದರ ಮುಂದಿನ ತಿಂಗಳೂ ಬಂದ್ರು. ಮಾರಿ ತಿರುವಿದೆ."

ಗಿರಾಕಿಯೊಬ್ಬರು ಬಂದರು. ಹಣ್ಣು ಕೊಟ್ಟು ಕಳಿಸಿ ಮತ್ತೆ ಕೂತಳು.

"ನನ್ನ ಮಗಳು ಬಿಡಬೇಕಲ್ಲ. ಯಾಕ ಸಿಟ್ಟು, ಯಾಕ ಸಿಟ್ಟು ಅಂತ ಬೆನ್ನ ಹತ್ತಿದಳು. ಒಂದಿನ ಕೂಡ್ಸಿಕೊಂಡು ಎಲ್ಲಾ ಕೈಲೇ ಹೇಳಿದೆ. ಹಿಂಗಿಂಗ, ಬಲ್ಬಿನಾಗ ಕಾಣ್ಲಿಲ್ಲ, ನೋಡ್ಲಿಲ್ಲ, ಹೋದ್ಳು, ಅದಕ್ಕ ನೀ ಹಿಂಗ ಆದಿ ಅಂತ. ಕೇಳಿ ಅಳ್ತಾಳ ಅಂದ್ಕೊಂಡಿದ್ದೆ. ಅಳ್ಲಿಲ್ಲ. ಆವಾಗ ಅವ್ರಿಗಿ ಎಷ್ಟು ವಯಸ್ಸಿತ್ತು ಅಂತ ಕೇಳಿದಳು. ಇಪ್ಪತ್ತಮೂರು ಅಂತ ಬೆರಳಿನ್ಯಾಗ ತೋರಿಸಿದೆ."

ಮುದುಕಿ ತನ್ನ ಅಂಗೈಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಹಿಡಿದು, ಮಗಳು ಮಾಡಿದ ಸನ್ನೆಯನ್ನು ಮಾಡಿ ತೋರಿಸಿದಳು. ಅಷ್ಟು ಸಣ್ಣವಳು ಎಂಬ ಸನ್ನೆ.

"'ಈಗಿನ ನನಗಿಂತ ಎಷ್ಟು ಸಣ್ಣಾಕಿ ಇದ್ಳು, ಕೂಸು' ಅಂದ್ಳು. ಅಷ್ಟ ಅಂದು ಹಣ್ಣ ಹೊಂದಸಾಕ ಕೂತಳು. ಮುಂದಿನ ಐತಾರ ಅವ್ರು ಬಂದಾಗ ನಾನೇ ಬಸ್ಸಿನ ಬಾಗಲತನಾ ಹೋಗಿ ಕರಕೊಂಡು ಬಂದೆ. ರೊಟ್ಟಿ ಬಡದು ಹಾಕಿದೆ. ಕೂತಲ್ಲಿಂದ ಏಳದಂಗ ಎರಡು ರೊಟ್ಟಿ ಉಂಡ್ರು, ಪುಂಡಿಪಲ್ಯ ಮತ್ತೊಮ್ಮೆ ಕೇಳಿ ಹಾಕಿಸ್ಕೊಂಡ್ರು. ಅದೇ ಕಡೀಗಿ ಬಂದದ್ದು."